ಶಾಂತಲೆಯ ಮರಣ: ಶಾಸನವೂ ಕಾದಂಬರಿಯೂ

ಹೊಯ್ಸಳ ಪಟ್ಟಮಹಾದೇವಿ ಶಾಂತಲೆಯು ಕ್ರಿ.ಶ. 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಶ್ರವಣಬೆಳ್ಗೊಳದ ಶಾಸನವು ತಿಳಿಸುತ್ತದೆ. ಮರಣದ ಬಗೆಯನ್ನು ಹೇಳುವುದಿಲ್ಲ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯು ಈ ಮೌನವನ್ನು ಆತ್ಮಬಲಿಯಿಂದ ತುಂಬಿತು. ಕಲ್ಪನೆಗೆ ಅಷ್ಟು ಅಧಿಕಾರವುಂಟು. ಆದರೆ ಅದೇ ಶಾಸನವು ಮುಂದೆ ಸ್ಪಷ್ಟವಾಗಿಯೇ ನುಡಿಯುತ್ತದೆ. ತಾಯಿ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳ ಸಮ್ಮುಖದಲ್ಲಿ ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳ ಉಪವಾಸದಿಂದ ದೇಹವನ್ನು ತ್ಯಜಿಸಿದಳು. ಪುತ್ರೀಶೋಕದ ಆವೇಗವೇ ಬೇರೆ, ಗುರುಸಾಕ್ಷಿಯಾದ ಈ ವ್ರತವೇ ಬೇರೆ. ರಾಗದ್ವೇಷಮೋಹಗಳಿಗೊಳಗಾಗಿ ವಿಷಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆತ್ಮಘಾತದ ದೋಷವುಂಟು, ಸಲ್ಲೇಖನದಲ್ಲಿ ಆ ರಾಗಾದಿಗಳಿಲ್ಲವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಬಹು ಹಿಂದೆಯೇ ವಿವೇಚಿಸಿದ್ದಾರೆ. ತಾಯಿಯ ವ್ರತವನ್ನು ಬಿಟ್ಟು ಮಗಳ ಬಲಿಯನ್ನೇ ಹಿಡಿದ ಕಥೆಯಲ್ಲಿ ಈ ಭೇದವು ಓದುಗನಿಗೆ ತಿಳಿಯುವುದೆಂತು?

ಮತದ ವಿಷಯದಲ್ಲಿಯೂ ಹೀಗೆಯೇ. ತಂದೆ ಮಾರಸಿಂಗಯ್ಯನು ಶೈವ, ತಾಯಿ ಜೈನೆ. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನೇ 1133ರಲ್ಲಿ ದೋರಸಮುದ್ರದ ಬಸದಿಯ ಶೇಷಾಕ್ಷತೆಯನ್ನು ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಮತಾಂತರದಿಂದ ಮನೆಯೊಡೆಯಿತೆಂಬ ಸಿದ್ಧಸೂತ್ರಕ್ಕೆ ಇವು ಒಗ್ಗವು. ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ (1978) ಶಾಸನಗಳನ್ನು ಹೆಚ್ಚು ಶ್ರದ್ಧೆಯಿಂದ ಓದಿದ್ದಾರೆ.

ತನ್ನನ್ನೇ ಬಲಿಗೊಡುವ ಮೃದುಹೃದಯದ ರಾಣಿಯ ಚಿತ್ರಕ್ಕೆ ಬೆಳ್ಗೊಳದಲ್ಲಿಯೇ ಇನ್ನೊಂದು ತೊಡಕಿದೆ. ಆಕೆ 1123ರಲ್ಲಿ ಶಾಂತಿನಾಥನಿಗೆ ಕಟ್ಟಿಸಿದ ಬಸದಿಗೆ ಆಕೆಯ ಬಿರುದೇ ಹೆಸರು: ಸವತಿಗಂಧವಾರಣ, ಸವತಿಯರ ಪಾಲಿಗೆ ಮದ್ದಾನೆ.