ಮೂರು ಮಂಚಗಳ ವಾರ್ಡು

ಸಾಂಕ್ರಾಮಿಕ ರೋಗದ ಕಥೆ ಎಂದೊಡನೆ ನಮಗೆ ನೆನಪಾಗುವುದು ‘ಸಂಸ್ಕಾರ’ದ ಸತ್ತ ಇಲಿಗಳು, ‘ಗೃಹಭಂಗ’ದಲ್ಲಿ ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡ ನಂಜಮ್ಮ. ಆಲ್ಬರ್ಟ್ ಕಾಮು 1947ರಲ್ಲಿ ಫ್ರೆಂಚಿನಲ್ಲಿ ಬರೆದ ‘ಪ್ಲೇಗ್’ ಕಾದಂಬರಿಯಲ್ಲಂತೂ ಹೆಂಗಸರು ಅಂಚಿಗೇ ಸರಿದಿದ್ದಾರೆ. ಡಾಕ್ಟರರ ಹೆಂಡತಿ ಆರಂಭದಲ್ಲೇ ಚಿಕಿತ್ಸೆಗೆಂದು ಊರು ಬಿಡುತ್ತಾಳೆ. ಊರಿಗೆ ಊರೇ ಹಾಸಿಗೆ ಹಿಡಿದಾಗ ಅಲ್ಲಿನ ಬಸುರಿಯರು ಏನಾದರು? ಐರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರುವ ಎಮ್ಮಾ ಡೊನಹ್ಯೂ ಅವರ ‘ದ ಪುಲ್ ಆಫ್ ದ ಸ್ಟಾರ್ಸ್’ (2020) ಎಂಬ ಇಂಗ್ಲಿಷ್ ಕಾದಂಬರಿ ಕೇಳುವುದು ಇದನ್ನೇ.

ಕಾಲ 1918, ಊರು ಡಬ್ಲಿನ್. ಯುದ್ಧ ಇನ್ನೂ ಮುಗಿದಿಲ್ಲ, ಇನ್‌ಫ್ಲುಯೆಂಜಾ ಮನೆಮನೆಗೂ ನುಗ್ಗಿದೆ. ಆಸ್ಪತ್ರೆಯ ಉಗ್ರಾಣದಂಥ ಕೋಣೆಯೊಂದರಲ್ಲಿ ಮೂರು ಮಂಚ ಹಾಕಿ ಜ್ವರ ಬಂದ ಬಸುರಿಯರನ್ನು ಮಲಗಿಸಿದ್ದಾರೆ. ನೋಡಿಕೊಳ್ಳುವವಳು ಜೂಲಿಯಾ ಎಂಬ ನರ್ಸ್. ಹೆತ್ತು ಹೆತ್ತು ಮೈ ಸವೆದ ಬಡವಿ, ಅನುಕೂಲಸ್ಥ ಮನೆಯ ಗೃಹಿಣಿ, ಏನೂ ತಿಳಿಯದ ಹದಿನೇಳರ ಚೊಚ್ಚಲ ಬಸುರಿ, ಎಲ್ಲರೂ ಅಲ್ಲಿ ಅಕ್ಕಪಕ್ಕ. ಕೆಂಪು, ಕಂದು, ನೀಲಿ, ಕಪ್ಪು ಎಂದು ನಾಲ್ಕು ಭಾಗಗಳು. ಉಸಿರು ಕಟ್ಟುತ್ತಾ ಹೋದಂತೆ ರೋಗಿಯ ಮುಖ ತಿರುಗುತ್ತಿದ್ದ ಬಣ್ಣಗಳವು.

ಇದು ಬರೀ ಕಲ್ಪನೆಯಲ್ಲ. 1919ರಲ್ಲಿ ಅಮೆರಿಕದ ಹ್ಯಾರಿಸ್ ಎಂಬ ವೈದ್ಯರು ಇನ್‌ಫ್ಲುಯೆಂಜಾ ತಗುಲಿದ ಸುಮಾರು 1350 ಬಸುರಿಯರ ವಿವರ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 27 ಮಂದಿ ತೀರಿಕೊಂಡಿದ್ದರು. ಬೆಳೆಯುವ ಗರ್ಭ ವಪೆಯನ್ನು ಮೇಲಕ್ಕೊತ್ತುತ್ತದೆ. ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆ, ಬೇಕಾದ ಪ್ರಾಣವಾಯು ಮಾತ್ರ ಹೆಚ್ಚು. ಮಗುವನ್ನು ಒಡಲಲ್ಲಿ ಸಹಿಸಿಕೊಳ್ಳಲು ದೇಹದ ರೋಗನಿರೋಧಕ ಶಕ್ತಿಯೂ ತನ್ನ ರೀತಿ ಬದಲಿಸಿಕೊಂಡಿರುತ್ತದೆ.

ಕಾದಂಬರಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಕೈಕೆಲಸದ ವಿವರ. ಜ್ವರ ನೋಡುವುದು, ಬಟ್ಟೆ ಬದಲಿಸುವುದು, ಬೆನ್ನು ತಿಕ್ಕುವುದು: ಹೆಂಗಸರು ದಿನಾ ಮಾಡುವ, ಯಾರೂ ಬರೆದಿಡದ ಕೆಲಸಗಳು ಇಲ್ಲಿ ಕಥೆಯೇ ಆಗಿವೆ. ಸತ್ತ ಒಬ್ಬೊಬ್ಬ ರೋಗಿಗೂ ಜೂಲಿಯಾ ತನ್ನ ಬೆಳ್ಳಿ ಗಡಿಯಾರದ ಹಿಂಬದಿಯಲ್ಲಿ ಒಂದು ಗುರುತು ಗೀರುತ್ತಾಳೆ. ಬ್ರಿಟಿಷರ ವಿರುದ್ಧದ 1916ರ ದಂಗೆಯಲ್ಲಿ ಭಾಗವಹಿಸಿದ್ದ ಡಾ. ಕ್ಯಾಥ್ಲೀನ್ ಲಿನ್ ಇಲ್ಲಿ ಪಾತ್ರವಾಗಿ ಬರುತ್ತಾರೆ. ಆದರೆ ಲೇಖಕಿ ಅವರನ್ನು ಮೆರೆಸಲು ಹೋಗುವುದಿಲ್ಲ.

ಕೊರತೆಗಳೂ ಇವೆ. ಮೂರೇ ದಿನಗಳಲ್ಲಿ ಹುಟ್ಟು, ಸಾವು, ಪ್ರೀತಿ, ಅಗಲಿಕೆ ಎಲ್ಲವನ್ನೂ ತುರುಕಿದ್ದರಿಂದ ಕೊನೆಯ ಭಾಗಕ್ಕೆ ಅವಸರದ ಓಟ ಬಂದಿದೆ. ಪಾತ್ರಗಳ ಮಾತಿಗೆ ಉದ್ಧರಣ ಚಿಹ್ನೆಯೇ ಇಲ್ಲ. ವರ್ಷವಿಡೀ ಕೆಂಪು ಶಾಯಿ ಹಿಡಿದು ಕೂರುವ ನನ್ನಂಥವಳಿಗೆ ಅದು ಮೊದಲು ಕಿರಿಕಿರಿಯೇ.

ಆದರೂ ಈ ಪುಸ್ತಕವನ್ನು ನಮ್ಮ ಹೆಣ್ಣುಮಕ್ಕಳು ಓದಬೇಕು. ನಮ್ಮ ದೇಶದಲ್ಲಿ 2021ರ ಜನವರಿಯಲ್ಲಿ ಕೊರೋನಾ ಲಸಿಕೆ ಆರಂಭವಾದಾಗ ಬಸುರಿಯರನ್ನು ಹೊರಗಿಡಲಾಗಿತ್ತು. ಮೊದಲ ಪರೀಕ್ಷೆಗಳಲ್ಲಿ ಅವರನ್ನು ಸೇರಿಸಿಕೊಂಡಿರಲಿಲ್ಲವಾದ್ದರಿಂದ ಹೇಳಲು ಯಾರ ಬಳಿಯೂ ಸಾಕಷ್ಟು ಆಧಾರವಿರಲಿಲ್ಲ. ಅನುಮತಿ ಬಂದದ್ದು ಜುಲೈನಲ್ಲಿ, ಎರಡನೇ ಅಲೆಯ ಅಬ್ಬರ ಇಳಿದ ಮೇಲೆ. ಬಸುರಿಗೆ ಸೀಮಂತ ಮಾಡಿ, ಬಯಕೆ ಕೇಳಿ ಉಣಬಡಿಸುವವರು ನಾವು. ಜಡ್ಡು ಬಂದಾಗ ಅವಳನ್ನು ಕೊನೆಗೆ ನೆನೆಯುವುದು ಯಾವ ನ್ಯಾಯ? ಡೊನಹ್ಯೂ ಅವಳನ್ನು ಮೊದಲ ಪುಟದಿಂದಲೇ ನೆನೆದಿದ್ದಾರೆ. ಅದಕ್ಕಾಗಿ ಉಳಿದ ಕೊರತೆಗಳನ್ನು ಮನ್ನಿಸಬಹುದು.