ಆರುವ ಮುನ್ನ ಹಚ್ಚಿದ ಹಣತೆ

1791ರ ಫೆಬ್ರವರಿ 24ರಂದು, 87 ವರ್ಷಗಳನ್ನು ಕಳೆದು ಮರಣದ ಹೊಸ್ತಿಲಲ್ಲಿದ್ದ ಕ್ರೈಸ್ತ ಬೋಧಕ ಜಾನ್ ವೆಸ್ಲಿಯು, ಗುಲಾಮರ ವ್ಯಾಪಾರವನ್ನು ನಿಲ್ಲಿಸಲೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ತರುಣ ವಿಲಿಯಂ ವಿಲ್ಬರ್‌ಫೋರ್ಸನಿಗೆ ಬರೆದ ಕಿರಿದಾದ ಪತ್ರವನ್ನು ಓದಿದಾಗಲೆಲ್ಲ ನನ್ನ ಅಂತಃಕರಣವು ಆರ್ದ್ರವಾಗುತ್ತದೆ. ಆರು ದಿನಗಳಲ್ಲಿಯೇ ಕಣ್ಮುಚ್ಚಿದ ಆ ವೃದ್ಧನು ಸುಲಭ ವಿಜಯದ ಆಸೆಯನ್ನು ತೋರಿಸಲಿಲ್ಲ. ವಿರೋಧದ ಉಗ್ರತೆಯನ್ನು ಮರೆಮಾಚದೆ, ಅದನ್ನು ಮೀರಿದ ದೈವಬಲದ ಕಡೆಗೆ ಆ ತರುಣನ ದೃಷ್ಟಿಯನ್ನು ತಿರುಗಿಸಿದನು. ಆ ವರ್ಷದ ಏಪ್ರಿಲಿನಲ್ಲಿ, ಗುಲಾಮರ ವ್ಯಾಪಾರವನ್ನು ನಿಷೇಧಿಸುವ ವಿಧೇಯಕವು ಪಾರ್ಲಿಮೆಂಟಿನಲ್ಲಿ ಸೋತಿತು. ಆದರೂ ವಿಲ್ಬರ್‌ಫೋರ್ಸನು ಕೈಚೆಲ್ಲದೆ ವರ್ಷವರ್ಷವೂ ಹೋರಾಡಿದನು. 1807ರಲ್ಲಿ ಆ ವ್ಯಾಪಾರವು ಶಾಸನದಿಂದ ನಿಷಿದ್ಧವಾಯಿತು. ಆರಲಿರುವ ದೀಪವೊಂದು ಪಕ್ಕದ ಹಣತೆಗೆ ತನ್ನ ಕುಡಿಯನ್ನಿತ್ತು ಹೋಗುವಂತೆ, ಹಿರಿಯ ವಿಶ್ವಾಸಿಯೊಬ್ಬನ ನಾಲ್ಕು ಮಾತುಗಳು ದಣಿದ ಸೇವಕನ ಎದೆಯಲ್ಲಿ ಧೈರ್ಯವಾಗಿ ಬೆಳಗುವುದನ್ನು ಕಂಡು, ಕೃತಜ್ಞತೆಯಿಂದ ತಲೆಬಾಗುತ್ತೇನೆ.