ಉಂಡೆ ಎಸೆದ ಮೇಲೆ

ವಿಶ್ವ ಪರಿಸರ ದಿನವಾದ ಜೂನ್ 5 ಹತ್ತಿರವಾದಂತೆ ಬಯಲುಸೀಮೆಯ ಶಾಲೆ, ಕಾಲೇಜು, ಸಂಘಸಂಸ್ಥೆಗಳಲ್ಲಿ ಬೀಜದುಂಡೆ ಕಟ್ಟುವ ಸಂಭ್ರಮ ಶುರುವಾಗುತ್ತದೆ. ಕೆಮ್ಮಣ್ಣು, ಗೊಬ್ಬರ ಕಲಸಿ, ನಡುವೆ ಒಂದೆರಡು ಬೀಜವಿಟ್ಟು, ಉಂಡೆ ಒಣಗಿದ ಮೇಲೆ ಬೋಳುಗುಡ್ಡಕ್ಕೆ ಎಸೆದು ಬರುತ್ತಾರೆ. ಮಕ್ಕಳ ಕೈ ಮಣ್ಣಾಗುವುದೇ ದೊಡ್ಡ ಲಾಭವೆಂದು ನಾನೂ ಒಪ್ಪುತ್ತೇನೆ. ಆದರೆ ಈ ಅಭಿಯಾನದ ಲೆಕ್ಕವೆಲ್ಲ ಎಸೆದ ಉಂಡೆಗಳ ಸಂಖ್ಯೆಗೇ ನಿಂತುಬಿಡುತ್ತದೆ. ಎಷ್ಟು ಬೀಜ ಮೊಳೆತವು, ಎಷ್ಟು ಸಸಿ ಮುಂದಿನ ಬೇಸಿಗೆ ದಾಟಿದವು ಎಂದು ಹೇಳುವವರು ಅಪರೂಪ. ಗುಡ್ಡಕ್ಕೆ ಬೇಕಾದ ಲೆಕ್ಕ ಅದೊಂದೇ.

ಈ ವಿಧಾನಕ್ಕೆ ಮರುಜೀವ ಕೊಟ್ಟವರು ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೋಕಾ. ಹಕ್ಕಿ, ಇಲಿ, ಇರುವೆಗಳಿಂದ ಕಾಳನ್ನು ಕಾಯುವುದು, ಮಣ್ಣು ಕರಗುವಷ್ಟು ಮಳೆ ಬಿದ್ದಾಗ ಮಾತ್ರ ಅದಕ್ಕೆ ನೀರು ಮುಟ್ಟಿಸುವುದು ಅವರ ಉದ್ದೇಶವಾಗಿತ್ತು. ಅವರು ಬಿತ್ತುತ್ತಿದ್ದ ಭತ್ತಕ್ಕೆ ಇಷ್ಟು ಸಾಕು. ಸಾವಿರಾರು ವರ್ಷ ರೈತರು ಆರಿಸಿ ಆರಿಸಿ ಬೆಳೆಸಿದ ಕಾಳು ಅದು, ಹದ ಸಿಕ್ಕರೆ ಎಲ್ಲವೂ ಒಟ್ಟಿಗೇ ಮೊಳೆಯುವಂತೆ ಪಳಗಿದೆ. ಕುರುಚಲು ಕಾಡಿನ ಪೊದೆಗಳ ಬೀಜ ಹಾಗೆ ಪಳಗಿಲ್ಲ. ಒಂದೊಂದರ ಬೇಡಿಕೆ ಒಂದೊಂದು ತರಹ. ಎಲ್ಲಕ್ಕೂ ಒಂದೇ ಉಂಡೆ ಕಟ್ಟುವುದು ಈ ಅಭಿಯಾನದ ಮೊದಲ ದೋಷ.

ತಂಗಡಿಯನ್ನೇ ನೋಡಿ. ಕೆಲವು ಕಡೆ ಆವರಿಕೆ ಎನ್ನುವ, ರಸ್ತೆಬದಿಯಲ್ಲಿ ಹಳದಿ ಹೂ ಬಿಡುವ ಈ ಪೊದೆಯ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಗುಡ್ಡಗಳ ಬಂದರಿಕೆಯದೂ ಅದೇ ಗುಣ. ವಾರಗಟ್ಟಲೆ ಒದ್ದೆ ಮಣ್ಣಿನಲ್ಲಿದ್ದರೂ ಇಂಥ ಬೀಜ ಒಳಗೆ ಒಣಗಿಯೇ ಇರಬಲ್ಲದು. ಬಿಸಿಲಿನ ಕಾವು, ಕಲ್ಲುಮಣ್ಣಿನ ಉಜ್ಜಾಟ, ನೆಲದ ಮೇಲೆ ಬೇಗ ಹಾದುಹೋಗುವ ಬೆಂಕಿ ಇವುಗಳಲ್ಲಿ ಯಾವುದಾದರೂ ಒಂದು ಆ ಸಿಪ್ಪೆಯನ್ನು ಸಡಿಲಿಸಬೇಕು. ಬಂದರಿಕೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಸಿಪ್ಪೆ ತೆರೆಯಲು ಬಿಸಿ ಬೇಕು, ಮೊಳೆಯಲು ಮಾತ್ರ ಸುಮಾರು 25 ಡಿಗ್ರಿಯ ಹದವಾದ ತಂಪು ಬೇಕು. ಕಾವು ತೀರಾ ಏರಿದರೆ ಬಾಯಿ ತೆರೆದ ಬೀಜವೂ ಮೊಳೆಯಲು ಹಿಂಜರಿಯುತ್ತದೆ. ಬೇಸಿಗೆ ತೆರೆಯಬೇಕು, ಮುಂಗಾರು ಮೊಳೆಸಬೇಕು. ನಮ್ಮ ನೆಲದ ಋತುಗಳನ್ನು ಈ ಗಿಡ ಎಷ್ಟು ಚೆನ್ನಾಗಿ ಅರಿತಿದೆ!

ನರ್ಸರಿಯವರು ಇದಕ್ಕೆ ಸುಲಭ ಉಪಾಯ ಕಂಡುಕೊಂಡಿದ್ದಾರೆ. ಕುದಿ ಬಂದ ನೀರನ್ನು ಒಲೆಯಿಂದಿಳಿಸಿ, ಬೀಜ ಸುರಿದು, ರಾತ್ರಿಯಿಡೀ ಆರಲು ಬಿಡುತ್ತಾರೆ. ಬೆಳಿಗ್ಗೆ ಉಬ್ಬಿದ ಬೀಜ ನೀರು ಕುಡಿದಿದೆ ಎಂದರ್ಥ. ದಿನವೂ ನೀರುಣಿಸುವ ಪಾತಿಗೆ ಈ ಉಪಚಾರ ಸರಿ. ಹಾಗೆಂದು ಗುಡ್ಡಕ್ಕೆ ಎಸೆಯುವ ಬೀಜವನ್ನೆಲ್ಲ ಹೀಗೆ ಉಪಚರಿಸಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಭರಣಿಯೋ ಕೃತ್ತಿಕೆಯೋ ಒಮ್ಮೆ ಜಡಿದು, ಆಮೇಲೆ ಮೂರು ವಾರ ಬಿಸಿಲು ಕಾಯುವುದು ಬಯಲುಸೀಮೆಯಲ್ಲಿ ಹೊಸದಲ್ಲ. ಅಂಥ ವರ್ಷ ಉಬ್ಬಿದ ಬೀಜಗಳೆಲ್ಲ ಒಟ್ಟಿಗೆ ಮೊಳೆತು ಒಟ್ಟಿಗೇ ಒಣಗುತ್ತವೆ. ಒಂದೇ ಗಿಡದ ಬೀಜಗಳಲ್ಲೂ ಸಿಪ್ಪೆಯ ಗಟ್ಟಿತನ ಒಂದೇ ಸಮ ಇರುವುದಿಲ್ಲ. ಕೆಲವು ಈ ವರ್ಷ ಏಳುತ್ತವೆ, ಕೆಲವು ಮುಂದಿನ ಮಳೆಗಾಲಕ್ಕೆ, ಇನ್ನು ಕೆಲವು ಅದರಾಚೆಗೆ. ಬೇಸಾಯಗಾರ ಬಿತ್ತನೆಗೆಂದು ತೆಗೆದಿಟ್ಟ ಕಾಳಿನಂತೆ ಈ ತಡವಾಗುವ ಬೀಜಗಳು ಗಿಡದ ಉಳಿತಾಯ. ಉಂಡೆ ಕಟ್ಟುವವರು ಅರ್ಧ ಬೀಜವನ್ನು ಉಪಚರಿಸಿ, ಅರ್ಧವನ್ನು ಹಾಗೇ ಬಿಡಲಿ.

ತಿರುಳುಹಣ್ಣಿನ ಬೀಜಗಳ ಕತೆ ಇದಕ್ಕೆ ಪೂರ್ತಿ ತಿರುಗುಮುರುಗು. ಕವಳೆಯ ಹಣ್ಣು ಮಾಗುವುದು ಬೇಸಿಗೆಯ ಕೊನೆಗೆ, ಮಳೆ ಬರುವ ಹೊತ್ತಿಗೆ. ಅದರ ಬೀಜ ಬಹುಕಾಲ ಕಾಯುವ ಜಾತಿಯದಲ್ಲ. ತಿರುಳು ತೊಳೆದು ಬೇಗ ಮಣ್ಣಿಗೆ ಹಾಕಬೇಕು. ನೇರಳೆಯಂತೂ ಒಣಗಿದರೆ ಸತ್ತಂತೆಯೇ. ಬೇವಿನ ಬೀಜದ ಜೀವ ಕೆಲವು ವಾರಗಳಲ್ಲಿ ಕುಗ್ಗುತ್ತದೆ. ನೇರಳೆ, ಬೇವು ಬಹುಮಟ್ಟಿಗೆ ಜೂನ್ ಆಸುಪಾಸಿನಲ್ಲಿ ಮಾಗುವ ಮರಗಳು. ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಕಟ್ಟಿ ಬಿಸಿಲಿಗೆ ಹರವಿದ ಉಂಡೆಗಳಲ್ಲಿ ಇರುವುದು ಹೋದ ವರ್ಷದ ಬೀಜ. ಅದು ಎಸೆಯುವ ಮೊದಲೇ ಸತ್ತಿರುತ್ತದೆ. ಮಲೆನಾಡಿನ ನೆಕ್ಕರಿಕದ ಧೂಳಿನಷ್ಟು ಸಣ್ಣ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅದನ್ನು ಮಣ್ಣುಂಡೆಯ ನಡುವೆ ಹುದುಗಿಸುವುದೇ ತಪ್ಪು.

ಇನ್ನು ಜಾಗದ ಮಾತು. ಬೇಸಿಗೆಯ ಮಧ್ಯಾಹ್ನ ಬೋಳುನೆಲದ ಮೇಲ್ಮೈ 50 ಡಿಗ್ರಿ ದಾಟುವುದುಂಟು. ಪಕ್ಕದಲ್ಲೇ ಒಂದು ಬೋರೆಯ ಪೊದೆ ಇದ್ದರೆ ಅದರ ಬುಡದಲ್ಲಿ ತಂಪಿದೆ, ತರಗೆಲೆಯಿದೆ, ಆಡಿನ ಬಾಯಿಗೆ ಮುಳ್ಳಿನ ತಡೆಯಿದೆ. ಶ್ರೀಗಂಧ ಬೆಳೆಸುವವರಿಗೆ ಇದು ಮೊದಲಿನಿಂದ ಗೊತ್ತು. ಸುಮಾರು ಒಂದೂವರೆ ಮೀಟರ್ ಉದ್ದದ ಬಿದಿರಿನ ಗಣ್ಣುಗಳನ್ನು ಒಳಗೆ ಕೊರೆದು, ತುದಿ ಚೂಪು ಮಾಡಿ, ಅದನ್ನು ಮುಳ್ಳುಪೊದೆಯ ಬುಡಕ್ಕೆ ಚುಚ್ಚಿ, ನಾಲ್ಕೈದು ಬೀಜ ಜಾರಿಬಿಡುವ ವಿಧಾನ ನಮ್ಮಲ್ಲಿತ್ತು. ಬೇರಿನಿಂದ ಬೇರಿಗೆ ಆಹಾರ ಹೀರುವ ಗಂಧದ ಸಸಿಗೆ ಆ ಪೊದೆಯೇ ಆಸರೆ, ಪೊದೆಯೇ ಊಟ. ಬೀಜಕ್ಕೆ ಬೇಕಾದ ಕಾವು, ತೇವ, ನೆರಳು, ರಕ್ಷಣೆ ಎಲ್ಲವನ್ನೂ ಒಂದು ಬಿದಿರುಕೊಳವೆ ಒದಗಿಸುತ್ತಿತ್ತು. ದೂರದಿಂದ ಎಸೆದ ಉಂಡೆ ಎಲ್ಲಿ ಉರುಳಿ ನಿಲ್ಲುತ್ತದೋ ಯಾರಿಗೂ ತಿಳಿಯದು. ಈ ಎರಡರಲ್ಲಿ ಹೆಚ್ಚು ತಿಳಿವಳಿಕೆಯ ಕೆಲಸ ಆ ಬಿದಿರಿನದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ನಿಧಾನದ್ದು, ಬಗ್ಗಿ ಮಾಡಬೇಕಾದದ್ದು, ಅದಕ್ಕೇ ಹಿಂದೆ ಬಿತ್ತೇನೋ.

ಕುರುಚಲು, ಹುಲ್ಲುಗಾವಲುಗಳನ್ನು ಪಾಳು ಎಂದು ಬಗೆದು ಮರದ ಬೀಜ ತುಂಬುವುದೂ ನಿಲ್ಲಬೇಕು. ಕೃಷ್ಣಮೃಗಗಳಿಗೆ ಮೀಸಲಾದ ರಾಣೆಬೆನ್ನೂರಿನ ಅಭಯಾರಣ್ಯದಲ್ಲೇ ನೀಲಗಿರಿ ನೆಟ್ಟದ್ದರ ಫಲ ನಮ್ಮ ಕಣ್ಣಮುಂದಿದೆ. ದರೋಜಿಯ ಕರಡಿಗಳು ಬದುಕಿರುವುದು ಕವಳೆ, ಬೋರೆಯಂಥ ಕುರುಚಲಿನ ಹಣ್ಣುಗಳನ್ನು ನಂಬಿಕೊಂಡು. ಆ ಬೀಜಗಳನ್ನು ಹೊಸ ಜಾಗಕ್ಕೆ ಮುಟ್ಟಿಸುವುದರಲ್ಲಿ ಅವುಗಳದೂ ಪಾಲಿದೆ.

ಬೀಜದುಂಡೆಯನ್ನು ಕೈಬಿಡಬೇಕಿಲ್ಲ. ತಂಗಡಿ, ಬಂದರಿಕೆಯಂಥ ಗಟ್ಟಿಸಿಪ್ಪೆಯ ಪೊದೆಗಳಿಗೆ ಅದು ಹೊಂದುತ್ತದೆ, ಉಳಿದವಕ್ಕೆ ಹೊಂದುವುದಿಲ್ಲ. ನೆಲ ನೆನೆಯುವ ಹದಮಳೆ ಆದ ಮೇಲೆ, ಇರುವ ಪೊದೆಗಳ ಬುಡದಲ್ಲಿ ಕೈಯಾರೆ ಇಡಿ. ಇಟ್ಟ ಜಾಗವನ್ನು ಗುರುತು ಮಾಡಿಕೊಳ್ಳಿ. ಮುಂದಿನ ಯುಗಾದಿ ಕಳೆದ ಮೇಲೆ ಅದೇ ಮಕ್ಕಳನ್ನು ಕರೆದೊಯ್ದು ಬದುಕಿರುವ ಗಿಡಗಳನ್ನು ಎಣಿಸಿ, ಆ ಸಂಖ್ಯೆಯನ್ನು ಶಾಲೆಯ ಫಲಕದಲ್ಲಿ ಬರೆಯಿರಿ.